ಕಡಲತೀರದಲ್ಲಿ ಏಳು ದಿನ: ಮಿತವ್ಯಯದ ದಂಪತಿಗಳಿಗೆ ಟೊಬೇಗೊ
(ಸಂಘದ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ವೆಸ್ಟ್ ಇಂಡೀಸಿನ ಟೊಬೇಗೊ ದ್ವೀಪಕ್ಕೆ ಹೋಗಿಬಂದ ಸಂಗತಿಯನ್ನು ಹೇಳಬೇಕೆಂದು ಕಾರ್ಯದರ್ಶಿಗಳು ನಮಗೆ ಅಪ್ಪಣೆ ಮಾಡಿದರು. ನಾವು ವಿದ್ವಾಂಸರಲ್ಲ. ನಮ್ಮಿಬ್ಬರಲ್ಲಿ ಒಬ್ಬರು ಮೂವತ್ತೆರಡು ವರ್ಷ ಗುಮಾಸ್ತಿಕೆ ಮಾಡಿದವರು, ಇನ್ನೊಬ್ಬರು ಅಷ್ಟೇ ವರ್ಷ ಆ ಸಂಬಳದಲ್ಲಿ ಮನೆ ನಡೆಸಿದವರು. ಯಾರು ಯಾರೆಂಬುದು ನಿಮಗೆಲ್ಲ ಗೊತ್ತೇ ಇದೆ. ಲೆಕ್ಕದ ವಿಷಯದಲ್ಲಿ ಎರಡನೆಯವರೇ ಜಾಣರು. ಆದ್ದರಿಂದ ಇಲ್ಲಿ ಹೇಳುವ ಲೆಕ್ಕವೆಲ್ಲ ಅವರದು, ಮಾತು ಮಾತ್ರ ಇಬ್ಬರದೂ.

ಮೊದಲು ಒಂದು ಮಾತು. ಪರಸ್ಥಳದಲ್ಲಿ ದುಡಿಯುವ ನಮಗೆಲ್ಲ ರಜೆ ಎಂದರೆ ಊರು. ಊರಿನಲ್ಲಿ ಮದುವೆ, ಶ್ರಾದ್ಧ, ಅಮ್ಮನ ಕಾಯಿಲೆ, ಜಮೀನಿನ ತಕರಾರು. ಇವು ಕರ್ತವ್ಯ, ಬಿಡುವಂತಿಲ್ಲ, ಬಿಡಬಾರದು. ಆದರೆ ಒಂದು ದಿನ ಕುಳಿತು ಎಣಿಸಿದೆವು. ಮೂವತ್ತೆರಡು ವರ್ಷದಲ್ಲಿ ನಾವಿಬ್ಬರೇ, ಯಾರ ಮನೆಯ ಕೆಲಸಕ್ಕೂ ಅಲ್ಲದೆ, ಒಟ್ಟಿಗೆ ಕಳೆದ ದಿನಗಳು ಎಷ್ಟು? ಎರಡು ಕೈಯ ಬೆರಳು ತುಂಬಲಿಲ್ಲ. ಈ ಎಣಿಕೆಯಿಂದಲೇ ನಮ್ಮ ಪ್ರವಾಸ ಹುಟ್ಟಿತು.

ಇಷ್ಟು ದೂರವೇಕೆ ಎಂದು ಕೇಳುವಿರಿ. ಮಗಳು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾಳೆ. 2023ರಲ್ಲಿ ಅವಳ ಮನೆಗೆ ಹೋಗುವುದು ಹೇಗೂ ನಿಶ್ಚಯವಾಗಿತ್ತು. ನ್ಯೂಯಾರ್ಕಿನಿಂದ ಟ್ರಿನಿಡಾಡಿನ ಪೋರ್ಟ್ ಆಫ್ ಸ್ಪೇನಿಗೆ ನೇರ ವಿಮಾನದಲ್ಲಿ ಐದು ಗಂಟೆಯ ದಾರಿ. ನಿಜ ಹೇಳುತ್ತೇವೆ: ಮುಂಬಯಿಯಿಂದ ಇದಕ್ಕಾಗಿಯೇ ಹೊರಟರೆ ವಿಮಾನದ ಬಾಡಿಗೆಯೇ ಉಳಿತಾಯವನ್ನೆಲ್ಲ ನುಂಗುತ್ತದೆ. ಅದನ್ನು ಅಗ್ಗವೆಂದು ಹೇಳಿ ನಿಮ್ಮನ್ನು ಮೋಸಗೊಳಿಸಲಾರೆವು. ಆದರೆ ಈಗ ನಮ್ಮವರ ಮಕ್ಕಳು ಅಮೆರಿಕದಲ್ಲಿ, ಕೆನಡಾದಲ್ಲಿ ಬಹಳ ಮಂದಿ ಇದ್ದಾರೆ. ಮಕ್ಕಳನ್ನು ನೋಡಲು ಹೋಗುವ ಹಿರಿಯರಿಗೂ, ಅಲ್ಲಿಯೇ ಹೊಸದಾಗಿ ಸಂಸಾರ ಹೂಡಿದ ಕಿರಿಯರಿಗೂ ಈ ಲೆಕ್ಕ ಉಪಯೋಗಕ್ಕೆ ಬಂದೀತು.

ಕೆರಿಬಿಯನ್ ಸಮುದ್ರದಲ್ಲಿ ದ್ವೀಪಗಳು ಹಲವು. ಅವುಗಳಲ್ಲಿ ಟೊಬೇಗೊವನ್ನು ನಾವು ಆರಿಸಿದ್ದಕ್ಕೆ ನಾಲ್ಕು ಕಾರಣ. ಒಂದು, ಪ್ರವಾಸಕ್ಕೆ ಹೋಗುವ ಭಾರತೀಯರಿಗೆ ಟ್ರಿನಿಡಾಡ್ ಮತ್ತು ಟೊಬೇಗೊ ದೇಶ ತೊಂಬತ್ತು ದಿನದವರೆಗೆ ವೀಸಾ ಕೇಳುತ್ತಿರಲಿಲ್ಲ. ಎರಡು, ಅಲ್ಲಿ ದೊಡ್ಡ ಹೋಟೆಲುಗಳಿಗಿಂತ ಮನೆಯಂಥ ಸಣ್ಣ ವಸತಿಗಳು ಹೆಚ್ಚು. ಮೂರು, ಎರಡು ದ್ವೀಪಗಳ ನಡುವೆ ಸರಕಾರದ ಹಡಗು ಓಡುತ್ತದೆ. ನಾಲ್ಕು, ಸಸ್ಯಾಹಾರಿಗೆ ಅಲ್ಲಿ ಉಪವಾಸವಿಲ್ಲ.

ನಾಲ್ಕನೆಯದಕ್ಕೆ ಹಿಂದೆ ಒಂದು ದೊಡ್ಡ ಕಥೆಯಿದೆ. 1845ರ ಮೇ 30ರಂದು ಕಲಕತ್ತೆಯಿಂದ ಫತೇಲ್ ರಝಾಕ್ ಎಂಬ ಹಡಗು ಇನ್ನೂರಕ್ಕೂ ಹೆಚ್ಚು ಕೂಲಿಗಳನ್ನು ಹೊತ್ತು ಟ್ರಿನಿಡಾಡನ್ನು ಮುಟ್ಟಿತು. ಗುಲಾಮಗಿರಿ ನಿಂತಮೇಲೆ ಕಬ್ಬಿನ ತೋಟಗಳಿಗೆ ಆಳು ಬೇಕಾಗಿತ್ತು. 1917ರವರೆಗೆ ಕರಾರಿನ ಮೇಲೆ ಹೋದವರು ಒಂದೂವರೆ ಲಕ್ಷಕ್ಕೆ ಸಮೀಪ. ಹೆಚ್ಚಿನವರು ಭೋಜಪುರಿ ಸೀಮೆಯವರು, ಕೆಲವರು ಮದರಾಸಿನ ಬಂದರಿನಿಂದ ಹತ್ತಿದವರು. ಹೊಟ್ಟೆಪಾಡಿಗಾಗಿ ಊರು ಬಿಟ್ಟವರ ಕಥೆ ನಮಗೆ ಬೇರೆಯವರು ಹೇಳಬೇಕಾಗಿಲ್ಲ. ಅವರ ಭಾಷೆ ಬಹುಮಟ್ಟಿಗೆ ಹೋಯಿತು, ಅಡುಗೆ ಉಳಿಯಿತು. ಇಂದಿಗೂ ಅಲ್ಲಿನ ಪೇಟೆಯಲ್ಲಿ ಬದನೆಕಾಯಿಯನ್ನು ‘ಬೈಗನ್’ ಎಂದೂ ಸೊಪ್ಪಿನ ಪಲ್ಯವನ್ನು ‘ಭಾಜಿ’ ಎಂದೂ ಕರೆಯುತ್ತಾರೆ.

ಇನ್ನು ಯೋಜನೆಯ ವಿಷಯ. ಮೊದಲನೆಯದು ಕಾಲ. ಜನವರಿಯಿಂದ ಮೇವರೆಗೆ ಅಲ್ಲಿ ಒಣಹವೆ, ಜೂನಿನಿಂದ ಡಿಸೆಂಬರಿನವರೆಗೆ ಮಳೆ. ಡಿಸೆಂಬರಿನ ನಡುವಿನಿಂದ ಏಪ್ರಿಲಿನ ನಡುವಿನವರೆಗೆ ಶೀತದೇಶದವರು ಬರುತ್ತಾರೆ, ಕೋಣೆಯ ಬಾಡಿಗೆ ಏರುತ್ತದೆ. ಏಪ್ರಿಲಿನ ಕೊನೆಯಿಂದ ಮೇ ಮುಗಿಯುವತನಕ ಬಾಡಿಗೆ ಇಳಿದಿರುತ್ತದೆ, ಮಳೆ ಇನ್ನೂ ಹಿಡಿದಿರುವುದಿಲ್ಲ. ಕಾಸು ನೋಡಿ ಖರ್ಚು ಮಾಡುವವರಿಗೆ ಅದೇ ಸುಮುಹೂರ್ತ. ಚಂಡಮಾರುತಗಳು ಸಾಮಾನ್ಯವಾಗಿ ಇನ್ನೂ ಉತ್ತರದಲ್ಲಿ ಹಾಯುತ್ತವೆ, ಆದರೂ 1963ರ ಸೆಪ್ಟೆಂಬರಿನಲ್ಲಿ ‘ಫ್ಲೋರಾ’ ಎಂಬುದು ಟೊಬೇಗೊದ ತೋಟಗಳನ್ನೂ ಕಾಡನ್ನೂ ನೆಲಸಮ ಮಾಡಿತು. ಆದ್ದರಿಂದ ಆಗಸ್ಟಿನಿಂದ ಅಕ್ಟೋಬರಿನವರೆಗೆ, ಅಗ್ಗವೆಂದು ಆಸೆಪಟ್ಟು, ಹೋಗಬೇಡಿ.

ಇಷ್ಟೆಲ್ಲ ತಿಳಿದೂ ನಾವು ತಪ್ಪಿದೆವು! ಪಂಚಾಂಗ ನೋಡದೆ ಉಗುರು ಕತ್ತರಿಸದ ನಾವು ಈಸ್ಟರ್ ಹಬ್ಬ ಎಂದು ಬರುತ್ತದೆಂದು ನೋಡಲೇ ಇಲ್ಲ. ಗುಡ್ ಫ್ರೈಡೆಯ ಹಿಂದಿನ ಬುಧವಾರ ಪೋರ್ಟ್ ಆಫ್ ಸ್ಪೇನಿನಲ್ಲಿ ಇಳಿದು ಹಡಗುಕಟ್ಟೆಗೆ ಹೋದರೆ, ಶನಿವಾರದವರೆಗೆ ಟಿಕೇಟಿಲ್ಲ. ಈಸ್ಟರಿಗೆ ಟ್ರಿನಿಡಾಡಿನ ಅರ್ಧ ಊರೇ ಟೊಬೇಗೊಕ್ಕೆ ಹೊರಡುತ್ತದಂತೆ. ಕೌಂಟರಿನ ಮುಂದೆ ಪೆಟ್ಟಿಗೆಯ ಮೇಲೆ ಕುಳಿತು ನಾವಿಬ್ಬರೂ ಒಬ್ಬರ ಮೇಲೊಬ್ಬರು ತಪ್ಪು ಹೊರಿಸಿದೆವು. ಮೂವತ್ತೆರಡು ವರ್ಷ ಕಾದು ಸಂಪಾದಿಸಿದ ಏಳು ದಿನದಲ್ಲಿ ಮೂರು ದಿನ ಹೋಯಿತಲ್ಲ ಎಂದು ಅಳುವೂ ಬಂತು. ಹಡಗಿನ ಟಿಕೇಟನ್ನು ಮೊದಲೇ ಕೊಳ್ಳಿ. ಈಸ್ಟರ್ ಮತ್ತು ಕಾರ್ನಿವಲ್ ದಿನಗಳನ್ನು ಗುರುತು ಹಾಕಿಕೊಂಡು ಆಮೇಲೆ ರಜೆಯ ಅರ್ಜಿ ಬರೆಯಿರಿ.

ಆ ದಿನಗಳು ಮಾತ್ರ ವ್ಯರ್ಥವಾಗಲಿಲ್ಲ. ಗುರುವಾರ ಬಾಡಿಗೆಯ ವ್ಯಾನಿನಲ್ಲಿ ಚಗ್ವಾನಸ್ ಪೇಟೆಗೂ, ಅಲ್ಲಿಂದ ವಾಟರ್ಲೂ ಎಂಬ ಹಳ್ಳಿಗೂ ಹೋದೆವು. ಅಲ್ಲಿ ಸಮುದ್ರದೊಳಗೆ ಒಂದು ದೇವಾಲಯವಿದೆ. ಶಿವದಾಸ ಸಾಧು ಎಂಬ ಕಬ್ಬಿನ ತೋಟದ ಕೂಲಿಯೊಬ್ಬರು 1947ರಲ್ಲಿ ದಡದ ಮೇಲೆ ಒಂದು ಗುಡಿ ಕಟ್ಟಿದರು. ನೆಲ ಸಕ್ಕರೆ ಕಂಪನಿಯದಾಗಿತ್ತು. 1952ರಲ್ಲಿ ಗುಡಿಯನ್ನು ಕೆಡವಿದರು, ಸಾಧುವನ್ನು ಸೆರೆಮನೆಗೆ ಹಾಕಿದರು. ಹೊರಗೆ ಬಂದ ಆತ, ನೆಲವಾದರೆ ನಿಮ್ಮದು, ಕಡಲು ಯಾರದೂ ಅಲ್ಲವಲ್ಲ ಎಂದು ನಿಶ್ಚಯಿಸಿ, ಬಾಲ್ದಿಯಲ್ಲಿ ಕಲ್ಲು ಮರಳು ಹೊತ್ತು, ಸೈಕಲ್ಲಿನ ಮೇಲೆ ಸಾಮಾನು ತಂದು, ವರ್ಷಗಟ್ಟಲೆ ದುಡಿದು ನೀರಿನಲ್ಲೇ ಗುಡಿ ಎಬ್ಬಿಸಿದರು. ಅಲೆ ತಿಂದು ಹಾಳಾಗಿದ್ದ ಅದನ್ನು 1995ರಲ್ಲಿ, ಭಾರತೀಯರು ಬಂದ ನೂರೈವತ್ತನೆಯ ವರ್ಷದಲ್ಲಿ, ಜೀರ್ಣೋದ್ಧಾರ ಮಾಡಿದರು. ಆ ಕಲ್ಲುಹಾದಿಯ ಮೇಲೆ ನಡೆಯುವಾಗ ನಮ್ಮ ಜಗಳ ತಾನೇ ಮುಗಿಯಿತು. ಹತ್ತಿರದ ಕರಪಚೈಮದಲ್ಲಿ 85 ಅಡಿ ಎತ್ತರದ ಹನುಮಂತ ನಿಂತಿದ್ದಾನೆ. 2003ರಲ್ಲಿ ಪ್ರತಿಷ್ಠೆಯಾದದ್ದು. ಅದು ನಮ್ಮ ಮೈಸೂರಿನ ದತ್ತಪೀಠಕ್ಕೆ ಸೇರಿದ ಆಶ್ರಮವೆಂದು ತಿಳಿದಾಗ ತವರಿನವರು ಸಿಕ್ಕಂತಾಯಿತು.

ಪೋರ್ಟ್ ಆಫ್ ಸ್ಪೇನಿನ ಕ್ರಿಕೆಟ್ ಮೈದಾನವನ್ನೂ ಹೊರಗಿನಿಂದ ನೋಡಿದೆವು. 1971ರಲ್ಲಿ ವೆಸ್ಟ್ ಇಂಡೀಸಿನ ವಿರುದ್ಧ ಭಾರತದ ಮೊದಲ ಟೆಸ್ಟ್ ಗೆಲುವು ಅಲ್ಲಿಯೇ. 1976ರಲ್ಲಿ ನಾನೂರಕ್ಕೂ ಹೆಚ್ಚು ಓಟಗಳನ್ನು ಬೆನ್ನಟ್ಟಿ ಗೆದ್ದಾಗ ನಮ್ಮ ಭದ್ರಾವತಿಯ ವಿಶ್ವನಾಥ್ 112 ಹೊಡೆದದ್ದೂ ಅಲ್ಲಿಯೇ. ಗೇಟಿನ ಕಾವಲುಗಾರನಿಗೆ ಆ ಹೆಸರು ಹೇಳಿದೆವು. ಆತ ಕೈ ಕುಲುಕಿದ!

ಶನಿವಾರ ಹಡಗು ಹತ್ತಿದೆವು. ದರ ಒಬ್ಬರಿಗೆ ಐವತ್ತು ಟ್ರಿನಿಡಾಡ್ ಡಾಲರು. ಒಂದು ಅಮೆರಿಕನ್ ಡಾಲರಿಗೆ ಅವರ ಆರೂಮುಕ್ಕಾಲು ಡಾಲರು ಸಿಗುತ್ತಿತ್ತು, ಅಂದರೆ ಏಳೆಂಟು ಅಮೆರಿಕನ್ ಡಾಲರಿನಲ್ಲಿ ಒಬ್ಬರು ಕಡಲು ದಾಟಬಹುದಾಗಿತ್ತು. ದರ ಬದಲಾಗುವುದುಂಟು, ಹೊರಡುವ ಮುಂಚೆ ವಿಚಾರಿಸಿಕೊಳ್ಳಿ. ಪ್ರಯಾಣ ನಾಲ್ಕು ಗಂಟೆಯ ಆಚೀಚೆ. ಹಡಗು ತೂಗಾಡುತ್ತದೆ. ಬೆಳಗ್ಗೆ ಹೊಟ್ಟೆ ತುಂಬ ತಿನ್ನದೆ, ಒಂದು ನಿಂಬೆಹಣ್ಣು ಕೈಯಲ್ಲಿಟ್ಟುಕೊಂಡು ಹತ್ತಿರಿ.

ವಸತಿ ಹಿಡಿಯಬೇಕಾದದ್ದು ಕ್ರೌನ್ ಪಾಯಿಂಟಿನ ಸುತ್ತಮುತ್ತ. ವಿಮಾನನಿಲ್ದಾಣ, ಸ್ಟೋರ್ ಬೇ, ಪಿಜನ್ ಪಾಯಿಂಟ್ ಎಂಬ ಎರಡು ತೀರಗಳು ಎಲ್ಲವೂ ಅಲ್ಲಿಂದ ನಡಿಗೆಯ ದಾರಿ. ಕಡಲು ಕಾಣುವ ಕೋಣೆ ಬೇಡ. ಅದಕ್ಕೆ ಬಾಡಿಗೆ ಹೆಚ್ಚು, ಕಡಲನ್ನು ತೀರಕ್ಕೆ ಹೋಗಿಯೇ ನೋಡಬಹುದು. ಒಲೆ, ಪಾತ್ರೆ ಇರುವ ಕೋಣೆ ಬೇಕೆಂದು ಕೇಳಿ ಹಿಡಿಯಿರಿ. ಅಕ್ಕಿ, ಬೇಳೆ, ತೆಂಗಿನಕಾಯಿ ಅಂಗಡಿಯಲ್ಲಿ ಸಿಗುತ್ತವೆ. ಸಾರಿನ ಪುಡಿ ಮಗಳ ಮನೆಯಿಂದ ಒಯ್ದಿದ್ದೆವು. ಆದರೆ ದಿನಕ್ಕೆ ಒಂದು ಹೊತ್ತು ಮಾತ್ರ ಅಡುಗೆ ಎಂದು ಮೊದಲೇ ಕರಾರು ಮಾಡಿಕೊಂಡೆವು. ಒಬ್ಬರು ಮೂರು ಹೊತ್ತೂ ಒಲೆಯ ಮುಂದೆ ನಿಂತರೆ ರಜೆ ಯಾರಿಗೆ? ಆ ಒಂದು ಹೊತ್ತಿನ ಪಾತ್ರೆ ತೊಳೆದವರು ಗುಮಾಸ್ತರು.

ಬೆಳಗಿನ ತಿಂಡಿಗೆ ‘ಡಬಲ್ಸ್’. ಎಣ್ಣೆಯಲ್ಲಿ ಕರಿದ ಎರಡು ಮೆತ್ತನೆಯ ರೊಟ್ಟಿಯ ನಡುವೆ ಕಡಲೆಯ ಗೊಜ್ಜು. ಮಧ್ಯಾಹ್ನಕ್ಕೆ ಕಡಲೆ ಆಲೂಗಡ್ಡೆ ತುಂಬಿದ ರೋಟಿ, ಇಲ್ಲವೆ ಕುಂಬಳಕಾಯಿಯ ಪಲ್ಯ. ‘ಕಲಲೂ’ ಎಂಬುದು ಕೆಸುವಿನ ಎಲೆ, ಬೆಂಡೆಕಾಯಿ, ತೆಂಗಿನ ಹಾಲು ಹಾಕಿ ಬೇಯಿಸಿದ ಗೊಜ್ಜು. ನಮ್ಮ ಪತ್ರೊಡೆಯ ನೆಂಟನೇ ಸರಿ, ಆದರೆ ಏಡಿ ಅಥವಾ ಮಾಂಸ ಹಾಕುವುದುಂಟು, ಕೇಳಿ ತಿನ್ನಿ. ಮೀನು ತಿನ್ನುವವರಿಗೆ ಸ್ಟೋರ್ ಬೇಯ ಅಂಗಡಿಸಾಲಿನಲ್ಲಿ ಏಡಿಯ ಸಾರು ಮತ್ತು ಕಡುಬು ಪ್ರಸಿದ್ಧ.

ಓಡಾಟಕ್ಕೆ ಸರಕಾರದ ಬಸ್ಸು, ಇಲ್ಲವೆ ಪಾಲಿನ ಟ್ಯಾಕ್ಸಿ. ಬಸ್ಸಿನೊಳಗೆ ಟಿಕೇಟು ಕೊಡುವುದಿಲ್ಲ, ಮೊದಲೇ ನಿಲ್ದಾಣದಲ್ಲಿ ಕೊಳ್ಳಬೇಕು. ಬಾಡಿಗೆ ವಾಹನದ ಸಂಖ್ಯೆ ಹಲಗೆಯಲ್ಲಿ ‘ಎಚ್’ ಅಕ್ಷರವಿರುತ್ತದೆ. ಹತ್ತುವ ಮುಂಚೆ ದರ ಕೇಳಿ, ಅಮೆರಿಕನ್ ಡಾಲರಿನದೋ ಅವರ ಡಾಲರಿನದೋ ಎಂಬುದನ್ನೂ ಕೇಳಿ.

ನೋಡುವುದೇನು? ದ್ವೀಪ ಸಣ್ಣದು, ಉದ್ದ ನಲವತ್ತು ಕಿಲೋಮೀಟರು ಮೀರಿ ಸ್ವಲ್ಪ, ಅಗಲ ಹತ್ತರಷ್ಟು. ಪಿಜನ್ ಪಾಯಿಂಟಿಗೆ ಸಣ್ಣ ಪ್ರವೇಶಧನವಿದೆ, ಸ್ಟೋರ್ ಬೇಯಲ್ಲಿ ಮರಳೂ ನೀರೂ ಪುಕ್ಕಟೆ. ಗಾಜಿನ ತಳದ ದೋಣಿಯಲ್ಲಿ ಬಕೂ ಹವಳದಿಬ್ಬವನ್ನು ತೋರಿಸಿ, ನಡುಗಡಲಿನಲ್ಲಿ ಸೊಂಟದ ಮಟ್ಟದ ತಿಳಿನೀರಿನಲ್ಲಿ ಇಳಿಸುತ್ತಾರೆ. ದುಡ್ಡು ಕೊಟ್ಟು ಕಂಡ ವಿನೋದ ಇದೊಂದೇ. ಈಜು ಬಾರದ ನಾವಿಬ್ಬರೂ ಕೈಹಿಡಿದು ಕಡಲ ನಡುವೆ ನಿಂತೆವು. ಹತ್ತಾರು ವರ್ಷ ಒಂದೇ ಕೋಣೆಯಲ್ಲಿ ಬಾಳಿದರೂ, ಮಕ್ಕಳು ಮಲಗಿದ್ದಾರೆ, ಪಕ್ಕದವರು ಕೇಳುತ್ತಾರೆ ಎಂದು ಮೆಲುದನಿಯಲ್ಲಿಯೇ ಮಾತಾಡಿದವರು ನಾವು. ಅಲ್ಲಿ ಗಟ್ಟಿಯಾಗಿ ನಕ್ಕೆವು.

ಬೆಟ್ಟದ ಸಾಲಿನ ಮೇಲಿನ ಕಾಡನ್ನು 1776ರಲ್ಲಿಯೇ ಕಾನೂನು ಮಾಡಿ ಕಾಯ್ದಿರಿಸಿದ್ದಾರೆ. ಕಾಡು ಹೋದರೆ ಮಳೆ ಹೋದೀತೆಂದು ಆಗಲೇ ತಿಳಿದಿದ್ದರು. ಕಸ್ಟಾರ ಎಂಬ ಹಳ್ಳಿಯಲ್ಲಿ ಬೆಸ್ತರು ದಡದಿಂದ ಬಲೆ ಎಳೆಯುತ್ತಾರೆ, ನಮ್ಮ ಕರಾವಳಿಯ ರಂಪಣಿಯ ಹಾಗೆ. ನಿಂತು ನೋಡುವವರೂ ಹಗ್ಗಕ್ಕೆ ಕೈ ಹಾಕುತ್ತಾರೆ. ಮಾರ್ಚಿನಿಂದ ಆಗಸ್ಟಿನವರೆಗೆ ರಾತ್ರಿಯ ಹೊತ್ತು ದೊಡ್ಡ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ದೀಪ ಬೆಳಗದೆ, ಮಾರ್ಗದರ್ಶಕರ ಜೊತೆಗೇ ಹೋಗಬೇಕು. ಈಸ್ಟರ್ ತಪ್ಪಿನಿಂದ ಒಂದು ಲಾಭವೂ ಆಯಿತು. ಹಬ್ಬದ ಮಾರನೆಯ ಮಂಗಳವಾರ ಬಕೂ ಹಳ್ಳಿಯಲ್ಲಿ ಮೇಕೆಗಳ ಓಟ, 1925ರಿಂದ ಬಂದ ಪದ್ಧತಿ. ಸವಾರರು ಮೇಲೆ ಕೂರುವುದಿಲ್ಲ, ಹಗ್ಗ ಹಿಡಿದು ಮೇಕೆಯ ಜೊತೆಗೆ ಓಡುತ್ತಾರೆ!

ಎಚ್ಚರಿಕೆಗಳು ಕೆಲವು. ಹಳದಿ ಜ್ವರದ ಚುಚ್ಚುಮದ್ದನ್ನು ಹೊರಡುವುದಕ್ಕೆ ಹತ್ತು ದಿನವಾದರೂ ಮುಂಚೆ ಹಾಕಿಸಿಕೊಂಡು ಪ್ರಮಾಣಪತ್ರ ಇಟ್ಟುಕೊಳ್ಳಿ. ಟ್ರಿನಿಡಾಡ್ ಬಿಟ್ಟು ಆರು ದಿನದೊಳಗೆ ಭಾರತಕ್ಕೆ ಬಂದವರ ಬಳಿ ಅದಿಲ್ಲದಿದ್ದರೆ ಪ್ರತ್ಯೇಕವಾಗಿ ಇರಿಸುವ ನಿಯಮವಿದೆ. ಅಮೆರಿಕದ ಮೂಲಕ ಹೋಗುವವರಿಗೆ ಒಂದಕ್ಕಿಂತ ಹೆಚ್ಚು ಸಲ ಪ್ರವೇಶ ಕೊಡುವ ಆ ದೇಶದ ವೀಸಾ ಬೇಕು. ಸೈನಿಕರ ಮಚ್ಚೆಬಟ್ಟೆ ಧರಿಸುವುದು ಟ್ರಿನಿಡಾಡಿನಲ್ಲಿ ಅಪರಾಧ, ಮಕ್ಕಳಿಗೂ ಬೇಡ. ತೀರದಲ್ಲಿ ಸಣ್ಣ ಸೇಬಿನಂಥ ಹಣ್ಣು ಬಿಡುವ ಮ್ಯಾಂಚಿನೀಲ್ ಮರ ವಿಷದ್ದು, ಮಳೆಯಲ್ಲಿ ಅದರಡಿ ನಿಲ್ಲಲೂಬಾರದು. ಕೆಂಪು ಬಾವುಟವಿದ್ದರೆ ನೀರಿಗೆ ಇಳಿಯಬೇಡಿ. ಅಪರಾಧಗಳು ಹೆಚ್ಚಿ 2024ರ ಡಿಸೆಂಬರಿನಲ್ಲಿಯೂ 2025ರ ಜುಲೈಯಲ್ಲಿಯೂ ಅಲ್ಲಿನ ಸರಕಾರ ತುರ್ತು ಪರಿಸ್ಥಿತಿ ಸಾರಬೇಕಾಯಿತು. ಆದ್ದರಿಂದ ಹೊರಡುವ ಮುಂಚೆ ಸುದ್ದಿ ನೋಡಿ. ಅಲ್ಲಿ ಕತ್ತಲಾದ ಮೇಲೆ ನಿರ್ಜನ ತೀರಕ್ಕೆ ಇಬ್ಬರೇ ಹೋಗಬೇಡಿ, ಬಂಗಾರ ಮನೆಯಲ್ಲಿಡಿ.

ಕೊನೆಗೆ ಲೆಕ್ಕ. ನ್ಯೂಯಾರ್ಕಿನಿಂದ ಹೋಗಿಬಂದ ಖರ್ಚನ್ನು ನೂರು ಎಂದಿಟ್ಟರೆ ವಿಮಾನಕ್ಕೆ 50, ಕೋಣೆಗೆ 30, ಊಟಕ್ಕೆ 12, ಹಡಗು ಬಸ್ಸು ದೋಣಿಗೆ 8. ವಿಮಾನ, ಕೋಣೆ ಎರಡರಲ್ಲಿ ಮುಂಚಿತವಾಗಿ ಜಾಣತನ ಮಾಡಿದರೆ ಎಂಬತ್ತು ಭಾಗ ಕೈಯಲ್ಲಿರುತ್ತದೆ. ಆಮೇಲೆ ತೀರದಲ್ಲಿ ಒಂದು ಎಳನೀರಿಗೆ ಚೌಕಾಸಿ ಮಾಡಬೇಕಾಗಿಲ್ಲ.

ಬಂಧುಗಳೆ, ಎಲ್ಲರಿಗೂ ಟೊಬೇಗೊ ಸಾಧ್ಯವಿಲ್ಲವೆಂದು ನಮಗೆ ಗೊತ್ತು. ಮಲ್ಪೆಗಾದರೂ ಇದೇ ಲೆಕ್ಕದ ಪುಸ್ತಕ ಸಾಕು. ಸ್ಥಳ ಯಾವುದಾದರೇನು, ವರ್ಷದ ರಜೆಯಲ್ಲಿ ಊರಿಗೆ ಕೊಡುವುದನ್ನು ಕೊಟ್ಟು, ನಾಲ್ಕು ದಿನ ನಿಮ್ಮಿಬ್ಬರ ಹೆಸರಿನಲ್ಲಿ ಬರೆದಿಡಿ. ನಾವು ಅದನ್ನು ತಡವಾಗಿ ಕಲಿತೆವು, ನೀವು ಬೇಗ ಕಲಿಯಿರಿ. ಹೋಗಿಬಂದಮೇಲೆ ಈ ವಾಚನಾಲಯದಲ್ಲಿ ನಿಂತು ನಿಮ್ಮ ಲೆಕ್ಕವನ್ನೂ ಹೇಳಿ. ನಾವಿಬ್ಬರೂ ಮುಂದಿನ ಬೆಂಚಿನಲ್ಲಿ ಕುಳಿತು ಕೇಳುತ್ತೇವೆ.