ಬಂದು, ಉಂಡು, ಹೋದ



ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ಹುಡುಗನೊಬ್ಬ ತನ್ನ ನಿನ್ನೆಯ ದಿನವನ್ನು ಹೇಗೆ ಹೇಳುತ್ತಾನೆ ಎಂಬುದನ್ನು ಗಮನಿಸಿ. ‘ಬೆಳಗ್ಗೆ ಎದ್ದು, ಮುಖ ತೊಳೆದು, ರೊಟ್ಟಿ ತಿಂದು, ಬಸ್ಸು ಹತ್ತಿ ಕಾಲೇಜಿಗೆ ಹೋದೆ.’ ಕೆಲಸಗಳು ಐದು, ಪೂರ್ಣ ಕ್ರಿಯಾಪದ ಒಂದೇ. ಅವುಗಳ ನಡುವೆ ಸಂಯೋಜಕ ಪದ ಒಂದೂ ಇಲ್ಲ. ಅದೇ ಹುಡುಗ ಅದನ್ನೇ ಇಂಗ್ಲಿಷಿನಲ್ಲಿ ಹೇಳಹೊರಟರೆ ‘ಐ ಗಾಟ್ ಅಪ್ ಅಂಡ್ ವಾಷ್ಡ್ ಮೈ ಫೇಸ್ ಅಂಡ್ ಏಟ್ ರೊಟ್ಟಿ ಅಂಡ್...’ ಎಂದು ‘ಅಂಡ್’ಗಳ ಸರಪಳಿ ಬೆಳೆಯುತ್ತದೆ. ವ್ಯಾಕರಣ ಕೆಟ್ಟಿರುವುದಿಲ್ಲ, ಆದರೂ ಸಂದರ್ಶನದ ಮೇಜಿನ ಆಚೆ ಕುಳಿತವರಿಗೆ ಅದು ಮಗುವಿನ ಮಾತಿನಂತೆ ಕೇಳಿಸುತ್ತದೆ. ವಿಷಯ ಬಲ್ಲ ಹುಡುಗ ಮಂದಮತಿಯೆಂದು ತೀರ್ಮಾನವಾಗುವುದುಂಟು.

ಕನ್ನಡ ಕಲಿಸಿದವನು ಇಂಗ್ಲಿಷಿನ ಗೊಡವೆಗೆ ಹೋಗುವುದೇಕೆ ಎಂದು ನೀವು ಕೇಳಬಹುದು. ತೊಡಕು ಕಾಣಿಸಿಕೊಳ್ಳುವುದು ಇಂಗ್ಲಿಷಿನಲ್ಲಾದರೂ ಅದರ ಬೇರು ಇರುವುದು ಕನ್ನಡದಲ್ಲಿ. ಆದಕಾರಣ ಈ ಮಾತು.

‘ಎದ್ದು’, ‘ತಿಂದು’, ‘ಹತ್ತಿ’ ಎಂಬ ರೂಪಗಳನ್ನು ನಮ್ಮ ವ್ಯಾಕರಣಗಳು ಭೂತನ್ಯೂನವೆಂದೂ ಕೃದಂತಾವ್ಯಯವೆಂದೂ ಕರೆದಿವೆ. ‘ನ್ಯೂನ’ವೆಂದರೆ ಕೊರತೆಯುಳ್ಳದ್ದು. ಅರ್ಥ ಮುಗಿಯದೆ ಮುಂದಿನ ಕ್ರಿಯೆಗಾಗಿ ಕೈಚಾಚಿ ನಿಂತಿರುವ ರೂಪವದು. ಈ ಒಂದೇ ರೂಪ ಎಷ್ಟು ಬಗೆಯ ಸಂಬಂಧಗಳನ್ನು ಹೊರುತ್ತದೆ ನೋಡಿ. ‘ಉಂಡು ಮಲಗಿದ’ ಎಂದಾಗ ಅದು ಒಂದಾದ ಮೇಲೊಂದು ಎಂಬ ಕ್ರಮ. ‘ಓಡಿ ಬಂದ’ ಎಂದಾಗ ಬಂದ ರೀತಿ. ‘ಮಳೆ ಬಂದು ಮದಗದ ಕೆರೆ ತುಂಬಿತು’ ಎಂದಾಗ ಕಾರಣ. ‘ಗೊತ್ತಿದ್ದೂ ಸುಮ್ಮನಿದ್ದ’ ಎಂದಾಗ, ಒಂದು ದೀರ್ಘಸ್ವರ ಸೇರಿದ ಮಾತ್ರಕ್ಕೆ, ವಿರೋಧ. ಯಾವುದು ಯಾವ ಸಂಬಂಧವೆಂದು ಹೇಳುವವನು ಬಿಡಿಸಿ ಹೇಳುವುದಿಲ್ಲ. ಕೇಳುವವನು ಲೋಕಾನುಭವದಿಂದ ತಿಳಿದುಕೊಳ್ಳುತ್ತಾನೆ.

ಇಂಗ್ಲಿಷ್ ಈ ಸೌಲಭ್ಯವನ್ನು ಅಷ್ಟಾಗಿ ಕೊಡುವುದಿಲ್ಲ. ದಿನಬಳಕೆಯ ಮಾತಿನಲ್ಲಿ ಅದು ಎರಡು ಭೂತಕಾಲದ ವಾಕ್ಯಗಳನ್ನು ಬಿಡಿಬಿಡಿಯಾಗಿ ನಿಲ್ಲಿಸಿ, ನಡುವಣ ಸಂಬಂಧಕ್ಕೆ ಹೆಸರಿಡು ಎನ್ನುತ್ತದೆ. ಕ್ರಮವಾದರೆ ‘ಅಂಡ್’ ಅಥವಾ ‘ಆಫ್ಟರ್’, ಫಲವಾದರೆ ‘ಸೊ’, ಕಾರಣವಾದರೆ ‘ಬಿಕಾಸ್’, ವಿರೋಧವಾದರೆ ‘ಬಟ್’ ಅಥವಾ ‘ದೋ’. ‘ಇಟ್ ರೇನ್ಡ್, ಸೊ ದ ಟ್ಯಾಂಕ್ ಫಿಲ್ಡ್.’ ಇಲ್ಲಿ ಎರಡು ಕ್ರಿಯಾಪದಗಳೂ ಭೂತಕಾಲದ ಗುರುತನ್ನು ಹೊತ್ತಿವೆ. ಕನ್ನಡದಲ್ಲಿ ಕಾಲದ ಹೊಣೆ ಬಹುಮಟ್ಟಿಗೆ ಕೊನೆಯ ಕ್ರಿಯಾಪದದ್ದು. ‘ನಾನು ಸಂತೆಗೆ ಹೋಗುವಾಗ ಅವನು ಸಿಕ್ಕಿದ’ ಎನ್ನುತ್ತೇವೆ. ‘ಹೋಗುವ’ ಎಂಬುದು ಭೂತರೂಪವಲ್ಲ, ಆದರೂ ನಡೆದದ್ದು ನಿನ್ನೆ. ಹೀಗಾಗಿಯೇ ನಮ್ಮ ಹುಡುಗರು ‘ವೆನ್ ಐ ಗೋ ಟು ದ ಮಾರ್ಕೆಟ್, ಐ ಮೆಟ್ ಹಿಮ್’ ಎನ್ನುತ್ತಾರೆ. ಅದು ಅಜಾಗರೂಕತೆಯಲ್ಲ, ತಾಯ್ನುಡಿಯ ನಿಯಮಕ್ಕೆ ತೋರಿದ ನಿಷ್ಠೆ.

ಇನ್ನೊಂದು ಸೂಕ್ಷ್ಮವಿದೆ. ಅಜ್ಜಂಪುರದಿಂದ ತರೀಕೆರೆಗೆ ರೈಲಿನಲ್ಲಿ ಹೋಗುವವರು ಬೀರೂರಿನಲ್ಲಿ ಇಳಿದು ಶಿವಮೊಗ್ಗೆಯ ದಾರಿಯ ಗಾಡಿ ಹಿಡಿಯಬೇಕು. ‘ವೆನ್ ಐ ರೀಚ್ಡ್ ಬೀರೂರು, ದ ಟ್ರೈನ್ ಲೆಫ್ಟ್’ ಎಂದರೆ ನಾನು ತಲುಪಿದೊಡನೆ ಗಾಡಿ ಹೊರಟಿತು ಎಂದರ್ಥ. ‘ಹ್ಯಾಡ್ ಲೆಫ್ಟ್’ ಎಂದರೆ ನಾನು ಬರುವ ಹೊತ್ತಿಗೆ ಅದು ಹೋಗಿತ್ತು. ಮೊದಲನೆಯದರಲ್ಲಿ ಓಡಿದ್ದರೆ ಸಿಗುತ್ತಿತ್ತೇನೋ, ಎರಡನೆಯದರಲ್ಲಿ ಆ ಆಸೆಯೂ ಇಲ್ಲ. ‘ಹೋಯಿತು’, ‘ಹೋಗಿತ್ತು’ ಎಂಬ ಭೇದ ನಮ್ಮಲ್ಲಿಯೂ ಇದೆ. ಅದನ್ನು ತೋರಿಸಿಕೊಟ್ಟು ಕಲಿಸಿದರೆ ಹುಡುಗನಿಗೆ ಅರೆಗಳಿಗೆಯಲ್ಲಿ ಹೊಳೆಯುತ್ತದೆ.

ಹಾಗಾದರೆ ಕನ್ನಡದಲ್ಲಿ ಸಂಯೋಜಕಗಳೇ ಇಲ್ಲವೆ? ಇವೆ, ಆದರೆ ಅವುಗಳ ಹುಟ್ಟನ್ನು ಕೆದಕಿದರೆ ಬಹುಪಾಲು ಕ್ರಿಯಾಪದಗಳೇ. ‘ಆದರೆ’, ‘ಆದರೂ’, ‘ಆದ್ದರಿಂದ’, ‘ಹೀಗಾಗಿ’ ಇವೆಲ್ಲ ‘ಆಗು’ ಧಾತುವಿನ ಮಕ್ಕಳು. ‘ಏಕೆಂದರೆ’ ಎಂಬುದು ‘ಏಕೆ ಎಂದು ಕೇಳಿದರೆ’ ಎಂಬುದರ ಮುಚ್ಚಿದ ರೂಪ. ಅದರಲ್ಲಿ ಒಂದು ಪ್ರಶ್ನೆಯೂ ಒಬ್ಬ ಕೇಳುಗನೂ ಅಡಗಿದ್ದಾರೆ. ‘ಮಳೆ ಬಂದರೂ ಹೋದೆವು’ ಎಂಬಲ್ಲಿ ವಿರೋಧವು ಕ್ರಿಯಾಪದಕ್ಕೇ ಅಂಟಿಕೊಂಡಿದೆ. ಅದನ್ನು ಕಿತ್ತು ಬೇರೊಂದು ಪದವಾಗಿ ಇಡಬೇಕಾದಾಗ ಎಲ್ಲಿಡಬೇಕೆಂದು ತೋಚದೆ ‘ದೋ ಇಟ್ ರೇನ್ಡ್, ಬಟ್ ವಿ ವೆಂಟ್’ ಎಂದು ಎರಡೂ ಕಡೆ ಇಟ್ಟುಬಿಡುತ್ತೇವೆ. ಇಂಗ್ಲಿಷಿಗೆ ಒಂದೇ ಸಾಕು.

ಇದು ಪರೀಕ್ಷೆಯ ಅಂಕಗಳಿಗೆ ಮಾತ್ರ ಸಂಬಂಧಿಸಿದ ವಿಚಾರವಲ್ಲ. ಸಾಕ್ಷಿಯೊಬ್ಬ ತಾಲ್ಲೂಕಿನ ನ್ಯಾಯಾಲಯದಲ್ಲಿ ‘ಬಸ್ಸು ತಾಗಿ ಸೈಕಲ್ಲಿನವನು ಬಿದ್ದ’ ಎಂದು ಕನ್ನಡದಲ್ಲಿ ಹೇಳುತ್ತಾನೆಂದಿಟ್ಟುಕೊಳ್ಳಿ. ಮೊಕದ್ದಮೆ ಉಚ್ಚ ನ್ಯಾಯಾಲಯಕ್ಕೆ ಹೋದರೆ, ಸಂವಿಧಾನದ 348ನೆಯ ವಿಧಿಯಂತೆ ಅಲ್ಲಿಯ ಭಾಷೆ ಇಂಗ್ಲಿಷ್. ಅನುವಾದಕ ‘ತಾಗಿ’ ಎಂಬ ಎರಡಕ್ಷರದ ಮುಂದೆ ನಿಲ್ಲಬೇಕಾಗುತ್ತದೆ. ತಾಗಿತು ‘ಅಂಡ್’ ಬಿದ್ದ ಎನ್ನಬೇಕೆ? ತಾಗಿದ ‘ಆಫ್ಟರ್’ ಬಿದ್ದ ಎನ್ನಬೇಕೆ? ತಾಗಿದ್ದು ‘ಬಿಕಾಸ್’ ಬಿದ್ದ ಎನ್ನಬೇಕೆ? ಮೊದಲೆರಡರಲ್ಲಿ ಚಾಲಕನ ಹೊಣೆ ಸಡಿಲವಾಗುತ್ತದೆ, ಮೂರನೆಯದರಲ್ಲಿ ಬಿಗಿಯಾಗುತ್ತದೆ. ಬಡವನ ಪರಿಹಾರ ಒಂದು ಸಂಯೋಜಕದ ಮೇಲೆ ನಿಲ್ಲಬಹುದು. ಸಾಕ್ಷಿಯ ಮನಸ್ಸಿನಲ್ಲಿ ಯಾವ ಅರ್ಥವಿತ್ತೆಂದು ಅವನನ್ನೇ ಇನ್ನೊಮ್ಮೆ ಕೇಳಿ ಬರೆದುಕೊಳ್ಳುವುದು ನ್ಯಾಯವೂ ಹೌದು, ವ್ಯಾಕರಣವೂ ಹೌದು.

ಕೊಡುಕೊಳ್ಳುವಿಕೆಯಲ್ಲಿ ನಮ್ಮ ಕಡೆಯೂ ನಷ್ಟವಾಗಿದೆ. ‘ಸಚಿವರು ಬಂದರು ಮತ್ತು ಭಾಷಣ ಮಾಡಿದರು ಮತ್ತು ತೆರಳಿದರು’ ಎಂಬಂಥ ಕನ್ನಡವನ್ನು ಈಗ ಅಚ್ಚಿನಲ್ಲಿ ಕಾಣುತ್ತೇವೆ. ‘ಬಂದು, ಭಾಷಣ ಮಾಡಿ ತೆರಳಿದರು’ ಎಂಬುದು ನಮ್ಮ ಜಾಯಮಾನ. ‘ಮತ್ತು’ವಿಗೆ ನಾಮಪದಗಳ ನಡುವೆ ಜಾಗವಿದೆ, ಕ್ರಿಯೆಗಳ ನಡುವೆ ಅದು ಸಲ್ಲದ ಅತಿಥಿ. ಇಂಗ್ಲಿಷಿನಲ್ಲಿ ‘ಅಂಡ್’ ಹೆಚ್ಚಾಯಿತೆಂದು ಹುಡುಗನನ್ನು ಗದರುವ ನಾವೇ ಕನ್ನಡದಲ್ಲಿ ಅದನ್ನು ತಂದು ಕೂರಿಸುತ್ತಿದ್ದೇವೆ.

ಇಂಗ್ಲಿಷ್ ಕಲಿಸುವವರಲ್ಲಿ ನನ್ನದೊಂದು ವಿಜ್ಞಾಪನೆ. ಸಂಯೋಜಕಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವ ಮುನ್ನ ಹುಡುಗನಿಂದ ಅವನ ಮನೆಮಾತಿನ ಒಂದು ವಾಕ್ಯವನ್ನು ಹೇಳಿಸಿರಿ. ‘ಕಾಲು ಜಾರಿ ಬಿದ್ದೆ’ ಎಂದಾನು. ಜಾರಿದ್ದಕ್ಕೂ ಬಿದ್ದದ್ದಕ್ಕೂ ಏನು ಸಂಬಂಧವಪ್ಪಾ ಎಂದು ಕೇಳಿರಿ. ಅವನು ಕನ್ನಡದಲ್ಲಿಯೇ ಉತ್ತರ ಹೇಳಲಿ. ಆ ಉತ್ತರ ಸಿಕ್ಕಿದ ಮೇಲೆ ‘ಅಂಡ್’ ಬೇಕೋ ‘ಸೊ’ ಬೇಕೋ ‘ಬಿಕಾಸ್’ ಬೇಕೋ ಎಂಬುದನ್ನು ಅವನೇ ಆರಿಸಿಕೊಳ್ಳುತ್ತಾನೆ.