ದೂರವಾಣಿಗೆ ಅನ್ನವಿಕ್ಕುವವರು

ಮಳೆಗಾಲದ ರಾತ್ರಿ ಊರಿಗೆ ಊರೇ ಕತ್ತಲಲ್ಲಿ ಮುಳುಗಿದ್ದಾಗಲೂ ಮನೆಯ ಮೂಲೆಯ ಕಪ್ಪು ದೂರವಾಣಿಯ ರಿಸೀವರನ್ನೆತ್ತಿದರೆ ಎಂದಿನ ಗುಂಯ್‌ಗುಡುವ ಸ್ವರ ಕೇಳಿಸುತ್ತಿದ್ದುದು ಹಿರಿಯ ಕೇಳುಗರಿಗೆ ನೆನಪಿರಬೇಕು. ದೀಪ ಆರಿರುತ್ತಿತ್ತು, ಫ್ಯಾನು ನಿಂತಿರುತ್ತಿತ್ತು. ದೂರವಾಣಿ ಮಾತ್ರ ಎಚ್ಚರವಾಗಿರುತ್ತಿತ್ತು. ಇದನ್ನು ಕಂಡವರು ಬಹಳ ಮಂದಿ; ಏಕೆ ಹೀಗೆಂದು ಕೇಳಿದವರು ವಿರಳ.

ಕಾರಣವೇನೋ ಸರಳವಾದುದೇ. ಆ ಯಂತ್ರ ನಮ್ಮ ಮನೆಯ ಅನ್ನವನ್ನು ಉಣ್ಣುತ್ತಿರಲಿಲ್ಲ. ಮಾತನ್ನು ಹೊತ್ತು ತರುತ್ತಿದ್ದ ಎರಡು ತಾಮ್ರದ ತಂತಿಗಳೇ ಅದಕ್ಕೆ ಬೇಕಾದ ವಿದ್ಯುತ್ತನ್ನೂ ಎಕ್ಸ್‌ಚೇಂಜಿನಿಂದ ತರುತ್ತಿದ್ದುವು. ಅಲ್ಲಿ ಪ್ರತ್ಯೇಕ ಕೋಣೆಯೊಂದರಲ್ಲಿ ತಲಾ 2 ವೋಲ್ಟಿನ 24 ಸೀಸದ ಕೋಶಗಳು ಸಾಲಾಗಿ ಕುಳಿತು 48 ವೋಲ್ಟನ್ನು ಒದಗಿಸುತ್ತಿದ್ದುವು. ಈ ಬ್ಯಾಟರಿ ಸದಾ ಸಲಕರಣೆಗೆ ಜೋಡಿಸಿಯೇ ಇರುತ್ತಿತ್ತು. ಆದುದರಿಂದ ಹೊರಗಿನ ವಿದ್ಯುತ್ತು ಹೋದಾಗ ಅದನ್ನು ಯಾರೂ ಎದ್ದು ಹೋಗಿ ಹಾಕಬೇಕಾಗಿರಲಿಲ್ಲ. ಅರೆಕ್ಷಣದ ವಿರಾಮವೂ ಇಲ್ಲದೆ ಅದು ಭಾರವನ್ನು ಹೊರುತ್ತಿತ್ತು. ಇನ್ನೊಂದು ಸೂಕ್ಷ್ಮವನ್ನು ನೋಡಿ: ಆ ಬ್ಯಾಟರಿಯ ಧನ ಧ್ರುವವನ್ನು ಭೂಮಿಗೆ ಕಟ್ಟಿ, ಋಣ ಧ್ರುವವನ್ನು ತಂತಿಗೆ ಕೊಡುತ್ತಿದ್ದರು. ತಂತಿ ಧನವಾಗಿದ್ದರೆ ಒದ್ದೆ ನೆಲದಲ್ಲಿ ತಾಮ್ರವು ಕ್ರಮೇಣ ಸವೆದುಹೋಗುತ್ತದೆ. ಮಣ್ಣಿನೊಳಗೆ ಹೂತ ತಂತಿಯ ಆಯುಸ್ಸನ್ನೂ ಲೆಕ್ಕ ಹಾಕಿದ ಗೃಹಸ್ಥಿಕೆ ಅದು.

ಇಷ್ಟು ಜೋಪಾನದ ವ್ಯವಸ್ಥೆಯೂ ಎಡವಿದ್ದುಂಟು. 1991ರ ಸೆಪ್ಟೆಂಬರ್ 17ರಂದು ನ್ಯೂಯಾರ್ಕಿನ ಥಾಮಸ್ ಬೀದಿಯ ದೊಡ್ಡ ದೂರವಾಣಿ ಕೇಂದ್ರವೊಂದು, ಸೆಖೆಯ ದಿನ ನಗರದ ವಿದ್ಯುತ್ ಭಾರವನ್ನು ತಗ್ಗಿಸಲೆಂದು, ತನ್ನದೇ ಜನರೇಟರುಗಳಿಗೆ ಬದಲಾಯಿಸಿಕೊಂಡಿತು. ಬದಲಾವಣೆಯ ಆ ಹೊತ್ತಿನಲ್ಲಿ ಬ್ಯಾಟರಿಗಳನ್ನು ತುಂಬುವ ಸಲಕರಣೆ ನಿಂತುಹೋಯಿತು. ಕೇಂದ್ರವು ಸುಮಾರು ಆರು ಗಂಟೆಗಳ ಕಾಲ ಕೂಡಿಟ್ಟ ಅನ್ನವನ್ನೇ ತಿಂದು ನಡೆಯುತ್ತಿದ್ದುದು ಯಾರ ಗಮನಕ್ಕೂ ಬರಲಿಲ್ಲ; ಎಚ್ಚರಿಕೆಯ ಸೂಚನೆಗಳನ್ನು ಗಮನಿಸಬೇಕಾದ ಸಿಬ್ಬಂದಿ ಆ ದಿನ ಎಚ್ಚರಿಕೆಯ ವ್ಯವಸ್ಥೆಯ ಬಗೆಗಿನ ತರಗತಿಯಲ್ಲೇ ಕುಳಿತಿದ್ದರು! ಸಂಜೆಯ ಹೊತ್ತಿಗೆ ಬ್ಯಾಟರಿ ಬರಿದಾಯಿತು. ಲಕ್ಷಾಂತರ ಕರೆಗಳು ನಿಂತುವು, ನ್ಯೂಯಾರ್ಕಿನ ವಿಮಾನನಿಲ್ದಾಣಗಳ ಸಂಚಾರ ಅಸ್ತವ್ಯಸ್ತವಾಯಿತು. ವಿದ್ಯುತ್ತು ಇಲ್ಲದಿರುವುದಕ್ಕಿಂತಲೂ ಅದು ಬದಲಾಗುವ ಗಳಿಗೆಯೇ ಹೆಚ್ಚು ಅಪಾಯದ್ದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿದಿಲ್ಲ.

ಈಗ ತಾಮ್ರದ ಸ್ಥಾನಕ್ಕೆ ಗಾಜಿನ ಎಳೆ ಬಂದಿದೆ. ಕೂದಲಿನಷ್ಟು ತೆಳುವಾದ ಅದರೊಳಗೆ ಮಾತೂ ಚಿತ್ರವೂ ಬೆಳಕಾಗಿ ಹರಿಯುತ್ತವೆ. ಆದರೆ ಗಾಜು ವಿದ್ಯುತ್ತನ್ನು ಹೊರುವುದಿಲ್ಲ. ಬೆಳಕನ್ನು ಮರಳಿ ಮಾತಾಗಿಸುವ ಗೋಡೆಯ ಪೆಟ್ಟಿಗೆ, ಅದರ ಪಕ್ಕದ ರೌಟರು, ಎರಡೂ ನಮ್ಮ ಮನೆಯ ಅನ್ನವನ್ನೇ ಉಣ್ಣುತ್ತವೆ. ಕರೆಂಟು ಹೋದೊಡನೆ ಪೆಟ್ಟಿಗೆ ತನ್ನೊಳಗೆ ಉಳಿದ ಒಂದಿಷ್ಟು ಕಸುವಿನಿಂದ, ಕ್ಷಣಾರ್ಧದಲ್ಲಿ, ‘ನನಗೆ ವಿದ್ಯುತ್ತು ತಪ್ಪಿತು’ ಎಂದು ಕೇಂದ್ರಕ್ಕೆ ಸುದ್ದಿ ಕಳುಹಿಸಿ ಆರಿಹೋಗುತ್ತದೆ. ಇಂಜಿನಿಯರುಗಳು ಇದನ್ನು ಕೊನೆಯುಸಿರೆಂದೇ ಕರೆಯುತ್ತಾರೆ. ಎಳೆ ತುಂಡಾಯಿತೋ ಮನೆಯಲ್ಲಿ ಕರೆಂಟು ಹೋಯಿತೋ ಎಂಬುದನ್ನು ಕೇಂದ್ರದವರು ಆ ಉಸಿರಿನಿಂದ ತಿಳಿಯಬಲ್ಲರು. ಒಂಟಿಯಾಗಿರುವ ವೃದ್ಧರೊಬ್ಬರಿಗೆ ಆ ಹೊತ್ತಿನಲ್ಲಿ ಎದೆನೋವು ಬಂದರೆ 112ಕ್ಕೆ ಕರೆ ಮಾಡಲು ಆ ದೂರವಾಣಿ ಇಲ್ಲ. ಮೊಬೈಲು ಇದೆಯಲ್ಲ ಎನ್ನಬಹುದು. ಅದರ ಗೋಪುರವೂ ಬ್ಯಾಟರಿಯ ಅವಧಿಯವರೆಗೆ ಮಾತ್ರ. ಅಮೆರಿಕದ ಸಂಪರ್ಕ ಆಯೋಗ 2015ರಲ್ಲಿ, ಇಂಥ ದೂರವಾಣಿ ಕೊಡುವ ಸಂಸ್ಥೆಗಳು ಕನಿಷ್ಠ 8 ಗಂಟೆ ನಡೆಯುವ ಬ್ಯಾಟರಿಯನ್ನು ಗ್ರಾಹಕರು ಕೊಳ್ಳಲು ಒದಗಿಸಬೇಕೆಂದು ವಿಧಿಸಿತು. ಹೊಣೆ ಎಕ್ಸ್‌ಚೇಂಜಿನಿಂದ ಮನೆಗೆ ದಾಟಿತು ಎಂಬುದನ್ನು ಹೇಳಿಬಿಡುವುದಾದರೂ ನ್ಯಾಯ; ಪೆಟ್ಟಿಗೆ ಕೂಡಿಸಲು ಬರುವವರು ಆ ಒಂದು ಮಾತನ್ನು ಆಡುವುದೇ ಅಪರೂಪ.

ಹೊಣೆ ಬಂದಮೇಲೆ ಅದರ ರೀತಿಯನ್ನು ತಿಳಿಯಬೇಕಷ್ಟೆ. ಗುಂಡಿಯೊತ್ತಿದೊಡನೆ ಬೆಳಗುವ ದೀಪದಂತಹ ವಸ್ತುವಲ್ಲ ಇದು. ಎಚ್ಚತ್ತ ಪೆಟ್ಟಿಗೆ ಮೊದಲು ತನ್ನ ಸ್ಮೃತಿಯಲ್ಲಿರುವ ಕಾರ್ಯಕ್ರಮವನ್ನು ಓದಿಕೊಳ್ಳುತ್ತದೆ. ಆಮೇಲೆ ಕೇಂದ್ರವು ಅದರ ದೂರವನ್ನು ಅಳೆಯುತ್ತದೆ. ಒಂದೇ ಎಳೆಯನ್ನು ಹಂಚಿಕೊಂಡ ಹತ್ತಾರು ಮನೆಗಳ ಮಾತು ಒಂದರಮೇಲೊಂದು ಬೀಳದಂತೆ ಅದಕ್ಕೊಂದು ಸರದಿಯನ್ನು ಗೊತ್ತುಮಾಡುತ್ತದೆ. ಇದಕ್ಕೆ ಕೆಲವು ನಿಮಿಷಗಳು ಬೇಕು. ಅಷ್ಟು ತಾಳದೆ ಮತ್ತೆ ಮತ್ತೆ ಸ್ವಿಚ್ಚನ್ನು ಆಡಿಸುವವನು ಬೇಯುತ್ತಿರುವ ಅನ್ನದ ಪಾತ್ರೆಯನ್ನು ಪ್ರತಿ ಬಾರಿಯೂ ಒಲೆಯಿಂದಿಳಿಸಿ ಪುನಃ ಏರಿಸುವವನಂತೆ. ಮೊದಲು ಎಳೆಯ ಪೆಟ್ಟಿಗೆ. ಅದರ ದೀಪಗಳು ಮಿಣುಕುವುದನ್ನು ಬಿಟ್ಟು ಸ್ಥಿರವಾದ ಮೇಲೆ ರೌಟರು. ಆರಿಸಿದರೆ ಅರ್ಧ ನಿಮಿಷ ಬಿಟ್ಟು ಹಚ್ಚುವುದು ಲೇಸು, ಒಳಗಿನ ಕೆಪಾಸಿಟರುಗಳಲ್ಲಿ ನಿಂತ ವಿದ್ಯುತ್ತು ಇಳಿಯಲಿ.

ಎಂದಿಗೂ ಆರಿಸಬಾರದ ಹೊತ್ತೊಂದಿದೆ. ಈ ಪೆಟ್ಟಿಗೆಗಳ ಕಾರ್ಯಕ್ರಮವನ್ನು ಸಂಸ್ಥೆಯವರು ಆಗಾಗ ದೂರದಿಂದಲೇ ತಿದ್ದಿ ಬರೆಯುತ್ತಾರೆ, ಸಾಮಾನ್ಯವಾಗಿ ರಾತ್ರಿ. ಬರವಣಿಗೆ ನಡೆದಿರುವಾಗ ವಿದ್ಯುತ್ತು ತಪ್ಪಿದರೆ ಹಳೆಯದು ಅಳಿದು ಹೊಸದು ಅರ್ಧಕ್ಕೆ ನಿಲ್ಲುತ್ತದೆ. ಹಳೆಯ ಪ್ರತಿಯೊಂದನ್ನು ಬೇರೆಯಾಗಿ ಉಳಿಸಿಕೊಂಡ ಪೆಟ್ಟಿಗೆಗಳು ಬದುಕಿಕೊಳ್ಳುತ್ತವೆ. ಉಳಿದವು ಮತ್ತೆ ಏಳುವುದಿಲ್ಲ. ಅವನ್ನು ‘ಇಟ್ಟಿಗೆ’ ಎನ್ನುವುದು ವೃತ್ತಿಯವರ ವಾಡಿಕೆ, ಗೋಡೆಗಾದರೂ ಆದೀತೆಂದೇನೋ! ದೀಪಗಳು ಎಂದಿನಂತಿಲ್ಲದೆ ವಿಚಿತ್ರವಾಗಿ ಮಿನುಗುತ್ತಿದ್ದರೆ ಹತ್ತು ಹದಿನೈದು ನಿಮಿಷ ಕೈ ಹಚ್ಚದಿರುವುದೇ ಕ್ಷೇಮ.

ಗುಡುಗಿನ ಮಾತು ಬೇರೆ. ಗಾಜಿನ ಎಳೆ ಸಿಡಿಲನ್ನು ತರುವುದಿಲ್ಲವಾದರೂ ಮನೆಯ ವಿದ್ಯುತ್ ತಂತಿ ತರುತ್ತದೆ. ತಾಮ್ರದ ದೂರವಾಣಿ ತಂತಿ ಇನ್ನೂ ಉಳಿದಿದ್ದರೆ ಅದೂ ತರುತ್ತದೆ. ಸ್ವಿಚ್ಚು ಆರಿಸಿದರೆ ಸಾಲದು, ಅಡಾಪ್ಟರನ್ನೇ ಗೋಡೆಯಿಂದ ಕೀಳಬೇಕು. ಅದೂ ಗುಡುಗು ದೂರದಲ್ಲಿರುವಾಗಲೇ, ತಲೆಯ ಮೇಲೆ ಬಂದಮೇಲೆ ಅಲ್ಲ. ಹೋದ ಕರೆಂಟು ನಮ್ಮ ಊರುಗಳಲ್ಲಿ ಒಂದೇ ಸಲಕ್ಕೆ ನೆಟ್ಟಗೆ ಬರುವುದು ಕಡಮೆ. ಬರುತ್ತದೆ, ಹೋಗುತ್ತದೆ, ಏರಿ ಇಳಿಯುತ್ತದೆ. ಅದು ನೆಲೆನಿಂತ ಮೇಲೆ ಜೋಡಿಸಬೇಕು. ಅಡಾಪ್ಟರುಗಳು ನೋಡಲು ಅಣ್ಣತಮ್ಮಂದಿರಂತಿದ್ದರೂ ಒಂದು 5 ವೋಲ್ಟಿನದು, ಇನ್ನೊಂದು 12ರದು. ಒಂದರದನ್ನು ಇನ್ನೊಂದಕ್ಕೆ ಚುಚ್ಚಬಾರದು. ಬಿಚ್ಚಿದ ಎಳೆಯ ತುದಿಯನ್ನು ಕಣ್ಣಿನ ಮುಂದೆ ಹಿಡಿದು ನೋಡಲೇಬಾರದು. ಅದರೊಳಗಿನ ಬೆಳಕು ಕಣ್ಣಿಗೆ ಕಾಣದು, ಕಣ್ಣಿಗೆ ಒಳ್ಳೆಯದೂ ಅಲ್ಲ.

ಬ್ಯಾಟರಿಯನ್ನು ಇಟ್ಟುಕೊಳ್ಳುವುದು ಕಷ್ಟವೇನಲ್ಲ. ಎರಡು ಪೆಟ್ಟಿಗೆಗಳೂ ಸೇರಿ 12ರಿಂದ 15 ವಾಟ್ ತಿನ್ನುತ್ತವೆಂದುಕೊಂಡರೆ, 12 ವೋಲ್ಟ್ 7 ಆಂಪಿಯರ್-ಗಂಟೆಯ ಸಣ್ಣ ಬ್ಯಾಟರಿಯುಳ್ಳ ಯು.ಪಿ.ಎಸ್. ಮೂರು ನಾಲ್ಕು ಗಂಟೆ ಸಾಕಬಲ್ಲುದು. ಕೊಳ್ಳುವ ಮೊದಲು ಸಂಪರ್ಕ ಕೊಟ್ಟವರನ್ನು ಒಂದು ಪ್ರಶ್ನೆ ಕೇಳಿರಿ: ಕೇಂದ್ರದಿಂದ ನಮ್ಮ ಮನೆಯವರೆಗಿನ ದಾರಿಯಲ್ಲಿ ವಿದ್ಯುತ್ತು ತಿನ್ನುವ ಇನ್ನಾವ ಪೆಟ್ಟಿಗೆಯಾದರೂ ಇದೆಯೇ? ಎಳೆಯನ್ನು ಕೇವಲ ಗಾಜಿನ ಕವಲುಗಳಿಂದ ಹಂಚಿದ್ದರೆ ನಡುವೆ ವಿದ್ಯುತ್ತೇ ಬೇಕಿಲ್ಲ. ಬೀದಿಯ ಇನ್ನಾರದೋ ಮನೆಯ ತಾರಸಿಯ ಮೇಲೆ, ಅವರ ಮನೆಯ ಕರೆಂಟಿನಲ್ಲೇ ನಡೆಯುವ ಡಬ್ಬಿಯೊಂದನ್ನು ಕೂಡಿಸಿದ್ದರೆ, ಮೊದಲು ಬ್ಯಾಟರಿ ಬೇಕಾದುದು ಅಲ್ಲಿ.