ಲೂಸಿ ಆಷ್ಟನ್ ಒಪ್ಪಿದ್ದಳೇ?



ಕಥೆ ಓದಿ ಮುಗಿಸಿದ ಕೂಡಲೇ ನಾವು ಸಾಮಾನ್ಯವಾಗಿ ಮಾಡುವ ಕೆಲಸ ಒಂದಿದೆ. ತಪ್ಪು ಯಾರದು ಎಂದು ತೀರ್ಮಾನಿಸುವುದು. ನಾನು ಓದಿದ್ದು ವಿಜ್ಞಾನ, ಸಾಹಿತ್ಯವಲ್ಲ. ಆದ್ದರಿಂದಲೋ ಏನೋ, ಒಂದೇ ಪುಸ್ತಕ ಓದಿದ ಹತ್ತು ಮಂದಿ ಹತ್ತು ತೀರ್ಮಾನಕ್ಕೆ ಬಂದಾಗ ನನಗೆ ಆ ಪುಸ್ತಕಕ್ಕಿಂತ ಆ ಹತ್ತು ತೀರ್ಮಾನಗಳ ಬಗ್ಗೆಯೇ ಕುತೂಹಲ ಹೆಚ್ಚು. ಈ ದಿನ ಅಂಥ ಒಂದು ಪುಸ್ತಕವನ್ನು ನಿಮ್ಮ ಮುಂದಿಡುತ್ತೇನೆ. ಅದು ಸರ್ ವಾಲ್ಟರ್ ಸ್ಕಾಟ್ 1819ರಲ್ಲಿ ಪ್ರಕಟಿಸಿದ 'ದಿ ಬ್ರೈಡ್ ಆಫ್ ಲ್ಯಾಮರ್‌ಮೂರ್', ಅಂದರೆ ಲ್ಯಾಮರ್‌ಮೂರಿನ ಮದುಮಗಳು. ಬಲವಂತದ ಮದುವೆಯೊಂದರ ಐತಿಹಾಸಿಕ ಪ್ರೇಮಕಥೆ.

ಸ್ಕಾಟ್ ನಮಗೆ ತೀರ ಅಪರಿಚಿತನೇನಲ್ಲ. ಬಂಕಿಮಚಂದ್ರರ 'ದುರ್ಗೇಶನಂದಿನಿ' 1865ರಲ್ಲಿ ಬಂದಾಗ ಬಂಗಾಳದ ಓದುಗರು ಅದನ್ನು ಸ್ಕಾಟ್‌ನ 'ಐವನ್‌ಹೋ'ದೊಡನೆ ಹೋಲಿಸಿ ವಾದ ಮಾಡಿದರು. ಅದೇ 'ದುರ್ಗೇಶನಂದಿನಿ'ಯನ್ನು ಬಿ. ವೆಂಕಟಾಚಾರ್ಯರು ಕನ್ನಡಕ್ಕೆ ತಂದರು. ಕೋಟೆ, ಕುದುರೆ, ಕುಲವೈರ, ಪ್ರೇಮ ಎಂಬ ಆ ಜಾಡಿನ ರುಚಿ ಕನ್ನಡದ ಓದುಗರಿಗೆ ಹತ್ತಿದ್ದು ಹೀಗೆ ಸುತ್ತುಬಳಸಿನ ದಾರಿಯಿಂದ.

ಕಥೆ ಹೀಗಿದೆ. ಹದಿನೇಳನೆಯ ಶತಮಾನ ಮುಗಿದು ಹದಿನೆಂಟನೆಯದು ಮೊದಲಾಗುವ ಕಾಲದ ಸ್ಕಾಟ್ಲೆಂಡ್. ರೇವನ್ಸ್‌ವುಡ್ ಮನೆತನದ ಆಸ್ತಿಯೆಲ್ಲ ಕಾನೂನಿನ ಕೈಚಳಕದಿಂದ ಸರ್ ವಿಲಿಯಂ ಆಷ್ಟನ್ ಎಂಬ ದೊಡ್ಡ ಅಧಿಕಾರಿಯ ಪಾಲಾಗಿದೆ. ರೇವನ್ಸ್‌ವುಡ್ ಮನೆತನದ ಕೊನೆಯ ಕುಡಿ ಎಡ್ಗರ್, ಸಮುದ್ರದ ಅಂಚಿನ ಪಾಳುಬುರುಜಿನಲ್ಲಿ ಒಬ್ಬ ಮುದಿ ಸೇವಕನೊಡನೆ ದಿನ ದೂಡುತ್ತಿದ್ದಾನೆ. (ಮನೆಯಲ್ಲಿ ಊಟಕ್ಕೆ ಏನೂ ಇಲ್ಲವೆಂಬುದು ಅತಿಥಿಗಳಿಗೆ ತಿಳಿಯದಂತೆ ಈ ಸೇವಕ ಕೇಲಬ್ ಹೂಡುವ ಉಪಾಯಗಳು ಕಾದಂಬರಿಯಲ್ಲಿ ನಗು ಬರಿಸುವ ಭಾಗ.) ಸೇಡು ತೀರಿಸಿಕೊಳ್ಳಬೇಕೆಂದಿದ್ದ ಎಡ್ಗರ್, ನುಗ್ಗಿಬಂದ ಗೂಳಿಗೆ ಗುಂಡಿಟ್ಟು ಆಷ್ಟನ್‌ನನ್ನೂ ಅವನ ಮಗಳು ಲೂಸಿಯನ್ನೂ ಬದುಕಿಸಬೇಕಾಗುತ್ತದೆ. ಮುಂದಿನದು ನೀವು ಊಹಿಸಬಲ್ಲಿರಿ. ಇಬ್ಬರೂ ಒಂದು ಚಿನ್ನದ ನಾಣ್ಯವನ್ನು ಎರಡು ಹೋಳು ಮಾಡಿ, ಒಬ್ಬೊಬ್ಬರು ಒಂದೊಂದು ಹೋಳನ್ನು ಇಟ್ಟುಕೊಂಡು ವಚನ ಕೊಟ್ಟುಕೊಳ್ಳುತ್ತಾರೆ.

ತಾಯಿ ಲೇಡಿ ಆಷ್ಟನ್‌ಗೆ ಇದು ಸಹಿಸದು. ಎಡ್ಗರ್ ಪರದೇಶಕ್ಕೆ ಹೋದ ಮೇಲೆ ಅವಳು ಮಗಳಿಗೆ ಬಕ್ಲಾ ಎಂಬ ಶ್ರೀಮಂತನನ್ನು ಗೊತ್ತುಮಾಡುತ್ತಾಳೆ. ಎಡ್ಗರ್ ತಾನೇ ವಚನದಿಂದ ಬಿಡುಗಡೆ ಮಾಡಿದರೆ ಮಾತ್ರ ಒಪ್ಪುವೆನೆಂದು ಲೂಸಿ ಹೇಳುತ್ತಾಳೆ, ಅವನಿಗೆ ಪತ್ರ ಬರೆಯುತ್ತಾಳೆ. ಉತ್ತರವಿಲ್ಲ. ಪತ್ರಗಳು ತಾಯಿಯ ಕೈಯಲ್ಲೇ ನಿಂತುಹೋಗುತ್ತಿವೆ! ಕೊನೆಗೊಂದು ಪತ್ರ ಪಾದ್ರಿಯ ನೆರವಿನಿಂದ ಹೇಗೋ ಹೊರಟರೂ ಗೊತ್ತಾದ ದಿನದವರೆಗೆ ಜವಾಬು ಬರುವುದಿಲ್ಲ. ಲೂಸಿ ಮದುವೆಯ ಒಡಂಬಡಿಕೆಗೆ ಸಹಿ ಹಾಕುತ್ತಾಳೆ. ಸಹಿಯ ಹೊತ್ತಿಗೆ ಸರಿಯಾಗಿ ಎಡ್ಗರ್ ಬಂದು ನಿಲ್ಲುತ್ತಾನೆ. ಕೆಲವು ದಿನಗಳಲ್ಲಿ ಮದುವೆಯೂ ನಡೆಯುತ್ತದೆ. ಆ ರಾತ್ರಿ ಮದುಮಕ್ಕಳ ಕೋಣೆಯಿಂದ ಚೀತ್ಕಾರ ಕೇಳುತ್ತದೆ. ಬಾಗಿಲು ತೆರೆದರೆ ವರ ಇರಿತದ ಗಾಯಗಳಿಂದ ಹೊಸ್ತಿಲ ಬಳಿ ಬಿದ್ದಿದ್ದಾನೆ, ಲೂಸಿ ಒಲೆಗೂಡಿನ ಮೂಲೆಯಲ್ಲಿ ಮುದುಡಿ ಕೂತಿದ್ದಾಳೆ, ಬುದ್ಧಿ ಸ್ಥಿಮಿತದಲ್ಲಿಲ್ಲ. ಸ್ವಲ್ಪ ದಿನಗಳಲ್ಲಿ ಅವಳು ಸಾಯುತ್ತಾಳೆ. ವರ ಬದುಕುತ್ತಾನೆ. ಎಡ್ಗರ್ ದ್ವಂದ್ವಯುದ್ಧಕ್ಕೆಂದು ಕುದುರೆಯೇರಿ ಹೋಗುವಾಗ ಕಡಲತೀರದ ಕುಸಿಯುವ ಮರಳಿನಲ್ಲಿ ಹೂತುಹೋಗುತ್ತಾನೆ.

ಈ ಭಾಷಣಕ್ಕೆ ಮೊದಲು ಕೆಲವು ಕಾಲೇಜು ವಿದ್ಯಾರ್ಥಿಗಳಿಗೆ ಕಾದಂಬರಿಯನ್ನು ಓದಲು ಕೊಟ್ಟಿದ್ದೆವು. ಬಂದ ಅಭಿಪ್ರಾಯಗಳು ಬಹುಮಟ್ಟಿಗೆ ಎರಡು ಬಗೆ. ಲೂಸಿಗೆ ಬೆನ್ನುಮೂಳೆಯೇ ಇಲ್ಲ, ಒಂದು ಸಲ ಗಟ್ಟಿಯಾಗಿ "ಒಲ್ಲೆ" ಎಂದಿದ್ದರೆ ಮುಗಿಯುತ್ತಿತ್ತು ಎಂಬುದು ಒಂದು. ತಾಯಿ ರಾಕ್ಷಸಿ, ಉಳಿದವರೆಲ್ಲ ಪಾಪದವರು ಎಂಬುದು ಇನ್ನೊಂದು. ತಂದೆಯ ಹೆಸರನ್ನು ಹೆಚ್ಚು ಮಂದಿ ಎತ್ತಲೇ ಇಲ್ಲ. ಮಗಳ ಸಂಕಟ ಕಣ್ಣಿಗೆ ಕಂಡರೂ ಹೆಂಡತಿಗೆ ಎದುರಾಡಲು ಅಂಜಿ, ಕಾಗದಪತ್ರ ನೋಡುತ್ತ ಕೂರುವ ಈ ದೊಡ್ಡಮನುಷ್ಯನನ್ನು ಓದುಗರು ಇಷ್ಟು ಸುಲಭವಾಗಿ ಬಿಟ್ಟುಕೊಡುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಹಳೆಯ ಓದುಗರು ಏನೆಂದರು? ಕಾದಂಬರಿಕಾರ ಥಾಮಸ್ ಹಾರ್ಡಿಗೆ ಕಥೆಯ ಕಟ್ಟಡವೇ ಮುಖ್ಯವಾಗಿ ಕಂಡಿತು. ರಚನೆಯ ದೃಷ್ಟಿಯಿಂದ ಇದು ಬಹುತೇಕ ದೋಷವಿಲ್ಲದ ಕೃತಿಯೆಂದು ಅವನು 1888ರಲ್ಲಿ ಬರೆದ. ತಮಾಷೆಯೆಂದರೆ, ಇದನ್ನು ಬರೆಯುವಾಗ ಸ್ಕಾಟ್ ಹೊಟ್ಟೆಯ ಶೂಲೆಯಿಂದ ನರಳುತ್ತಿದ್ದ, ಅಚ್ಚಾಗಿ ಬಂದದ್ದನ್ನು ಓದಿದಾಗ ಒಂದು ಘಟನೆಯೂ ಅವನಿಗೆ ನೆನಪಿರಲಿಲ್ಲ ಎಂಬ ಕಥೆಯೂ ಪ್ರಚಾರದಲ್ಲಿತ್ತು. ಆದರೆ ಉಳಿದಿರುವ ಹಸ್ತಪ್ರತಿಯ ಬಹುಭಾಗ ಅವನದೇ ಕೈಬರಹದಲ್ಲಿದೆ. ಒಳ್ಳೆಯ ಕಥೆ ಸಿಕ್ಕರೆ ಓದುಗರು ಲೇಖಕನ ಬಗ್ಗೆಯೂ ಒಂದು ಕಥೆ ಕಟ್ಟಿಬಿಡುತ್ತಾರೆ.

ನನಗೆ ಅಚ್ಚುಮೆಚ್ಚಿನ ಅಭಿಪ್ರಾಯ ಮಾತ್ರ ಇನ್ನೊಂದು ಕಾದಂಬರಿಯೊಳಗಿದೆ. ಸ್ಕಾಟ್‌ನ ಕಥೆಯನ್ನು ಇಟಲಿಯ ಡೊನಿಜೆಟ್ಟಿ 1835ರಲ್ಲಿ 'ಲುಚಿಯಾ ದಿ ಲಮ್ಮೆರ್‌ಮೂರ್' ಎಂಬ ಸಂಗೀತ ನಾಟಕವಾಗಿಸಿದ. ಅಲ್ಲಿ ತಾಯಿಯೇ ಇಲ್ಲ, ಬಲವಂತ ಮಾಡುವವನು ಅಣ್ಣ, ಆಯುಧ ಒಂದು ಸುಳ್ಳುಪತ್ರ. (ಲುಚಿಯಾಳ ಹುಚ್ಚಿನ ದೃಶ್ಯಕ್ಕೆ ಡೊನಿಜೆಟ್ಟಿ ಮೊದಲು ಆರಿಸಿದ್ದು ಗಾಜಿನ ಬಟ್ಟಲುಗಳ ವಾದ್ಯವನ್ನು. ನಮ್ಮ ಜಲತರಂಗದಂತೆ ಬಡಿಯುವುದಲ್ಲ, ತಿರುಗುವ ಬಟ್ಟಲಿನ ಅಂಚನ್ನು ಒದ್ದೆ ಬೆರಳಿನಿಂದ ಉಜ್ಜಿ ಕಂಪಿಸುವಂತೆ ಮಾಡುವುದು. ಆಮೇಲೆ ಆ ಜಾಗಕ್ಕೆ ಕೊಳಲು ಬಂತು. ಮನೆಯಲ್ಲಿ ತೆಳುವಾದ ಗಾಜಿನ ಲೋಟದಲ್ಲಿ ನೀರು ತುಂಬಿ ಅಂಚನ್ನು ಉಜ್ಜಿ ನೋಡಿ, ಆ ದನಿ ಏಕೆ ಬೇಕಿತ್ತೆಂದು ತಿಳಿಯುತ್ತದೆ.) ಈ ನಾಟಕವನ್ನು ಫ್ಲೋಬೇರ್‌ನ 'ಮದಾಂ ಬೊವಾರಿ'ಯಲ್ಲಿ ಎಮ್ಮಾ ತನ್ನ ಗಂಡ ಶಾರ್ಲ್ ಜೊತೆ ನೋಡುತ್ತಾಳೆ. ಎಮ್ಮಾ ಎಳೆಯ ವಯಸ್ಸಿನಲ್ಲಿ ಸ್ಕಾಟ್‌ನ ಕಾದಂಬರಿಗಳನ್ನು ನುಂಗಿದವಳು. ಲುಚಿಯಾಳ ಹಾಗೆ ತಾನೇಕೆ ತಡೆಯಲಿಲ್ಲ ಎಂದು ಒಳಗೇ ಬೇಯುತ್ತಾಳೆ. ಪಕ್ಕದಲ್ಲಿ ಕೂತ ಶಾರ್ಲ್‌ಗೆ ಯಾರು ಪ್ರಿಯಕರ, ಯಾರು ಪೀಡಕ ಎಂಬುದೇ ಗೊತ್ತಾಗದು. ಪ್ರಿಯಕರನನ್ನೇ ತೋರಿಸಿ, ಆ ಮನುಷ್ಯ ಅವಳನ್ನೇಕೆ ಕಾಡುತ್ತಿದ್ದಾನೆ ಎಂದು ಕೇಳುತ್ತಾನೆ! ಓದುವಾಗ ನಗು ಬರುತ್ತದೆ. ಆದರೆ ಯೋಚಿಸಿ ನೋಡಿ. ಹೊರಗಿನಿಂದ ನೋಡುವವನಿಗೆ ಮದುವೆಯ ಮನೆಯೊಂದರಲ್ಲಿ ಯಾರು ಕಾಡುವವರು, ಯಾರು ಕಾಯುವವರು ಎಂಬುದು ಅಷ್ಟು ಸ್ಪಷ್ಟವಾಗಿರುವುದಿಲ್ಲ. ಶಾರ್ಲ್ ಪೆದ್ದನಾದರೂ ಅವನ ಪ್ರಶ್ನೆ ಪೆದ್ದು ಪ್ರಶ್ನೆಯಲ್ಲ.

ಇನ್ನು ಕಥೆಯ ಹಿಂದಿನ ನಿಜ ಸಂಗತಿಗೆ ಬರೋಣ. 1830ರ ಮುನ್ನುಡಿಯಲ್ಲಿ ಸ್ಕಾಟ್ ತಾನೇ ಮೂಲವನ್ನು ಹೇಳಿದ್ದಾನೆ. ಜಾನೆಟ್ ಡಾಲ್‌ರಿಂಪಲ್ ಎಂಬಾಕೆ ಲಾರ್ಡ್ ರದರ್‌ಫರ್ಡ್ ಎಂಬುವನಿಗೆ ಮಾತು ಕೊಟ್ಟಿದ್ದಳು. ತಂದೆತಾಯಿ ಅವಳನ್ನು ಡೇವಿಡ್ ಡನ್‌ಬಾರ್‌ಗೆ ಮದುವೆ ಮಾಡಿದರು. ಮದುವೆಯ ರಾತ್ರಿ ವಧುವೇ ವರನನ್ನು ಇರಿದಳೆಂದು ಕೆಲವರು, ವರನೇ ವಧುವನ್ನು ಇರಿದನೆಂದು ಕೆಲವರು ಹೇಳುತ್ತಿದ್ದರು. ಆದರೆ ಆ ಸೀಮೆಯ ಪಾದ್ರಿ ಆಂಡ್ರೂ ಸಿಮ್ಸನ್ ಅವಳ ಸಾವಿಗೆ ಬರೆದ ಶೋಕಗೀತೆಯೊಂದಿದೆ, ಅದರಲ್ಲಿ ದಿನಾಂಕಗಳಿವೆ. 1669ರ ಆಗಸ್ಟ್ 12 ಮದುವೆ. ಆಗಸ್ಟ್ 24 ಗಂಡನ ಮನೆ ತುಂಬಿಸಿದ್ದು. ಸೆಪ್ಟೆಂಬರ್ 12 ಮರಣ. ಸೆಪ್ಟೆಂಬರ್ 30 ಸಮಾಧಿ. ಗೀತೆಯಲ್ಲಿ ರಕ್ತವೂ ಇಲ್ಲ, ಕತ್ತಿಯೂ ಇಲ್ಲ. ಮದುವೆಯ ರಾತ್ರಿಯೇ ಆ ಘೋರ ನಡೆದಿದ್ದರೆ, ಹನ್ನೆರಡು ದಿನಗಳ ನಂತರ ಮೆರವಣಿಗೆಯಲ್ಲಿ ಗಂಡನ ಮನೆಗೆ ಕರೆದೊಯ್ದದ್ದು ಹೇಗೆ? ಹಾಗೆಂದು ಏನೂ ನಡೆಯಲಿಲ್ಲ ಎನ್ನಲೂ ಆಗದು. ಮದುವೆಯಾದ ಒಂದೇ ತಿಂಗಳಿಗೆ ಒಬ್ಬ ಹೆಣ್ಣುಮಗಳು ತೀರಿಹೋದಳು, ಅಷ್ಟು ಮಾತ್ರ ಗಟ್ಟಿ. ಉಳಿದದ್ದನ್ನು ಊರು ತುಂಬಿಕೊಂಡಿತು.

ನನ್ನನ್ನು ಹೆಚ್ಚು ಕಾಡುವುದು ಅವಳ ತಂದೆ. ಅವನು ಸಾಮಾನ್ಯನಲ್ಲ. ಜೇಮ್ಸ್ ಡಾಲ್‌ರಿಂಪಲ್, ಮುಂದೆ ವೈಕೌಂಟ್ ಸ್ಟೇರ್, ಸ್ಕಾಟ್ಲೆಂಡಿನ ಅತ್ಯುಚ್ಚ ನ್ಯಾಯಾಲಯದ ಅಧ್ಯಕ್ಷನಾದವನು. 1681ರಲ್ಲಿ ಅವನು ಪ್ರಕಟಿಸಿದ ಗ್ರಂಥ ಆ ದೇಶದ ಕಾನೂನಿನ ಅಡಿಗಲ್ಲು. ಅದರಲ್ಲಿ ಮದುವೆಯ ಸಾರವೆಂದು ಅವನು ಹೇಳುವುದೇನು ಗೊತ್ತೇ? ಗಂಡು ಹೆಣ್ಣುಗಳ ಪರಸ್ಪರ ಸಮ್ಮತಿ! ಸ್ಕಾಟ್ಲೆಂಡಿನ ಕಾನೂನಿಗೆ ತಂದೆತಾಯಿಯ ಅನುಮತಿ ಬೇಕಿರಲಿಲ್ಲ, ಪಾದ್ರಿಯೂ ಬೇಕಿರಲಿಲ್ಲ. ಇಂಗ್ಲೆಂಡಿನಲ್ಲಿ 1753ರ ಕಾಯಿದೆ ಬಿಗಿಯಾದ ಮೇಲೆ ಪ್ರೇಮಿಗಳು ಗಡಿ ದಾಟಿ ಗ್ರೆಟ್ನಾ ಗ್ರೀನ್‌ಗೆ ಓಡಿಬರುತ್ತಿದ್ದುದು ಈ ಕಾರಣಕ್ಕೇ. ಅಂದರೆ ಕಾನೂನು ಪೂರ್ತಿಯಾಗಿ ಜಾನೆಟ್‌ಳ ಕಡೆಗಿತ್ತು. ಮನೆ ಮಾತ್ರ ಇರಲಿಲ್ಲ.

ಲೂಸಿ "ಒಲ್ಲೆ" ಎನ್ನಬಹುದಿತ್ತು ಎಂಬ ಗೆಳೆಯರಿಗೆ ಇಲ್ಲಿಂದ ಉತ್ತರ ಹೊರಡುತ್ತದೆ. ಸ್ಕಾಟ್ ಬಹಳ ತಾಳ್ಮೆಯಿಂದ ಆ ಮನೆಯ ಒಳಗನ್ನು ತೋರಿಸುತ್ತಾನೆ. ಯಾರೂ ಅವಳನ್ನು ಹೊಡೆಯುವುದಿಲ್ಲ. ಪತ್ರಗಳು ನಿಲ್ಲುತ್ತವೆ. ಓಡಾಟಕ್ಕೆ ಕಾವಲು ಬೀಳುತ್ತದೆ. ಆರೈಕೆಯ ಹೆಸರಿನಲ್ಲಿ ಬಂದ ಮುದುಕಿಯೊಬ್ಬಳು ದೆವ್ವ, ಶಕುನಗಳ ಕಥೆ ಹೇಳಿ ನಿದ್ದೆಗೆಡಿಸುತ್ತಾಳೆ. ಧರ್ಮಗ್ರಂಥ ತೆರೆಯುತ್ತದೆ: ತಂದೆಯ ಮನೆಯಲ್ಲಿರುವ ಹುಡುಗಿಯ ವಚನವನ್ನು ತಂದೆ ಕೇಳಿದ ದಿನವೇ ತಳ್ಳಿಹಾಕಿದರೆ ಅದು ವಚನವೇ ಅಲ್ಲ ಎಂಬ ಭಾಗವನ್ನು ಓದುತ್ತಾರೆ. ಅವನು ನಿನ್ನನ್ನು ಮರೆತ ಎಂಬ ಸುದ್ದಿ ನಾಲ್ಕೂ ಕಡೆಯಿಂದ ಬರುತ್ತದೆ. ನೀರನ್ನು ಒಂದೊಂದೇ ಡಿಗ್ರಿ ಕಾಯಿಸಿದ ಹಾಗೆ. ಯಾವ ಡಿಗ್ರಿಯಲ್ಲಿ ಒಪ್ಪಿಗೆ ಎನ್ನುವುದು ಬಲವಂತವಾಯಿತು ಎಂದು ಥರ್ಮಾಮೀಟರ್ ಹಿಡಿದು ಹೇಳಬಲ್ಲಿರಾ?

ನಮ್ಮ ಕಾನೂನು ಈ ಪ್ರಶ್ನೆಯನ್ನು ಎದುರಿಸಿದೆ. 1955ರ ಹಿಂದೂ ವಿವಾಹ ಕಾಯಿದೆಯ 12ನೇ ಕಲಮಿನಂತೆ ಬಲವಂತದಿಂದ ಅಥವಾ ಮೋಸದಿಂದ ಪಡೆದ ಸಮ್ಮತಿಯ ಮದುವೆಯನ್ನು ನ್ಯಾಯಾಲಯ ರದ್ದು ಮಾಡಬಹುದು. ಆದರೆ ಬಲವಂತ ನಿಂತ ಅಥವಾ ಮೋಸ ತಿಳಿದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಪ್ರಾಪ್ತ ವಯಸ್ಸಿನ ಇಬ್ಬರು ಒಪ್ಪಿದ ಮೇಲೆ ಮನೆತನದ, ಕುಲದ ಅನುಮತಿ ಅಗತ್ಯವಿಲ್ಲವೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು. 2021ರಲ್ಲಿ ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ ಅದನ್ನೇ ಮತ್ತೆ ಹೇಳಿತು. ಲೂಸಿಯ ನಾಡಾದ ಸ್ಕಾಟ್ಲೆಂಡಿನಲ್ಲಿ ಬಲವಂತದ ಮದುವೆ ಅಪರಾಧವೆಂದಾದದ್ದು 2014ರಲ್ಲಿ. ಜಾನೆಟ್ ಸತ್ತು ಆಗ 345 ವರ್ಷಗಳಾಗಿದ್ದವು. ನಿಮ್ಮಲ್ಲಿ ಯಾರಿಗಾದರೂ, ನಿಮ್ಮ ಗೆಳತಿಗಾದರೂ ಇಂಥ ಗಳಿಗೆ ಬಂದರೆ 181 ಮಹಿಳಾ ಸಹಾಯವಾಣಿಯ ಸಂಖ್ಯೆ, 18 ತುಂಬದವರಿಗೆ 1098. ಕಾದಂಬರಿಯ ಮಾತಿನ ನಡುವೆ ಇದೇಕೆ ಎನ್ನಬೇಡಿ, ಬರೆದಿಟ್ಟುಕೊಳ್ಳಿ.

ಓದಲು ಹೊರಡುವವರಿಗೆ ಒಂದು ಮಾತು. ಪುಸ್ತಕ ದೊಡ್ಡದು, ಸ್ಕಾಟ್ಲೆಂಡಿನ ಆಡುಮಾತು ಇಂಗ್ಲಿಷ್ ಬಲ್ಲವರಿಗೂ ತೊಡಕು. ಮೊದಲ ಅಧ್ಯಾಯದಲ್ಲಿ ಕಥೆಯೇ ಇಲ್ಲ, ಅದನ್ನು ದಾಟಿ ಹೋಗಿ ಎಂದು ಸಲಹೆ ಕೊಡುವವರಿದ್ದಾರೆ. ದಯವಿಟ್ಟು ದಾಟಬೇಡಿ. ಅಲ್ಲಿ ಡಿಕ್ ಟಿಂಟೋ ಎಂಬ ಚಿತ್ರಕಾರ ಕಥೆಗಾರನನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ. ನಿನ್ನ ಪಾತ್ರಗಳು ವಿಪರೀತ ಮಾತಾಡುತ್ತವೆ, ಚಿತ್ರವಾದರೆ ಒಂದೇ ನೋಟಕ್ಕೆ ಎಲ್ಲ ಹೇಳುತ್ತದೆ ಎಂದು ವಾದಿಸಿ ಒಂದು ರೇಖಾಚಿತ್ರ ತೋರಿಸುತ್ತಾನೆ: ಒಂದು ಹಳೆಯ ಕೋಣೆ, ಒಬ್ಬ ಯುವಕ, ಒಬ್ಬಳು ಯುವತಿ, ಅವಳ ತಾಯಿ. ಕಥೆಗಾರ ಎಷ್ಟು ದಿಟ್ಟಿಸಿದರೂ ಅದೇನೆಂದು ಅವನಿಗೆ ತಿಳಿಯುವುದಿಲ್ಲ. ಚಿತ್ರವನ್ನೇ ನಂಬಿ ಹೊಟ್ಟೆ ಹೊರೆಯುವ ನನ್ನಂಥವರಿಗೆ ಇದು ಸ್ವಲ್ಪ ಚುಚ್ಚುವ ಅಧ್ಯಾಯ. ಲೂಸಿಯ ಸಹಿಯ ದೃಶ್ಯವನ್ನು ಕ್ಯಾಮರಾದಲ್ಲಿ ಹಿಡಿದರೆ ಏನು ಕಂಡೀತು? ಬಿಳಿಯ ಉಡುಪಿನ ಹುಡುಗಿ, ಸುತ್ತ ಬಂಧುಗಳು, ಮೇಜಿನ ಮೇಲೆ ಬೆಳ್ಳಿಯ ಮಸಿಕುಡಿಕೆ. ಯಾರೂ ಅವಳ ಕೈ ಹಿಡಿದು ಬರೆಸುತ್ತಿಲ್ಲ. ತಾನೇ ಬರೆಯುತ್ತಿದ್ದಾಳೆ.

ಸ್ಕಾಟ್ ಮಾತ್ರ ಲೇಖನಿಯ ಮೊನೆಯನ್ನು ಗಮನಿಸುತ್ತಾನೆ. ಲೂಸಿ ಮೊದಲು ಬರೆಯಲು ಹೊರಟಾಗ ಲೇಖನಿ ಒಣಗಿದೆ, ಅದು ಅವಳ ಅರಿವಿಗೇ ಬಂದಿಲ್ಲ. ತೋರಿಸಿಕೊಟ್ಟ ಮೇಲೂ ಕಣ್ಣೆದುರಿನ ಮಸಿಕುಡಿಕೆಗೆ ಅದ್ದಲು ಅವಳಿಗೆ ಆಗುವುದಿಲ್ಲ, ತಾಯಿ ನೆರವಾಗುತ್ತಾಳೆ. ಆ ಒಡಂಬಡಿಕೆಯನ್ನು ತಾನು ನೋಡಿದ್ದೇನೆ ಎನ್ನುತ್ತಾನೆ ಕಥೆಗಾರ. ಒಂದೊಂದು ಪುಟದಲ್ಲೂ ಹೆಸರು ಸ್ಪಷ್ಟವಾಗಿದೆ, ಅಕ್ಷರ ತುಸು ನಡುಗಿದೆ ಅಷ್ಟೆ. ಕಡೆಯ ಸಹಿ ಮಾತ್ರ ಅರ್ಧಕ್ಕೆ ನಿಂತು, ಮಸಿ ಕಲೆಸಿಹೋಗಿದೆ. ಅದನ್ನು ಬರೆಯುತ್ತಿದ್ದ ಗಳಿಗೆಯಲ್ಲೇ ಹೆಬ್ಬಾಗಿಲ ಬಳಿ ಕುದುರೆಯ ಗೊರಸಿನ ಸದ್ದು ಕೇಳಿಸಿತ್ತು.